ಜುಲೈಯಲ್ಲಿ ವೆನಿಸ್‌ಗೆ ಹೊರಡುವ ಮೊದಲು

ಚಿ. ಮೇಘನಾಳಿಗೆ ಮಾವನ ಆಶೀರ್ವಾದಗಳು.

ಅಕ್ಕ, ಭಾವ ಮ್ಯೂನಿಕ್‌ಗೆ ಬಂದಾಗ ಅವರನ್ನು ವೆನಿಸ್‌ಗೂ ಕರೆದೊಯ್ಯುವ ಯೋಚನೆ ಒಳ್ಳೆಯದೇ. ಆದರೆ ಒಂದೇ ಹಗಲಿನಲ್ಲಿ ನೋಡಿ ಮುಗಿಸುವ ಲೆಕ್ಕ ಬಿಟ್ಟುಬಿಡು. ಅಲ್ಲಿ ಜನ ಕಿಕ್ಕಿರಿಯುವುದು ಹತ್ತರಿಂದ ಐದರವರೆಗೆ, ಬಿಸಿಲು ಸುಡುವುದೂ ಆಗಲೇ. ಎರಡು ರಾತ್ರಿ ಉಳಿದರೆ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರ ಮೇಲಿನ ಹೊತ್ತು ನಿಮ್ಮದಾಗುತ್ತದೆ. ಮಧ್ಯಾಹ್ನ ಕೋಣೆಗೆ ಬಂದು ಮಲಗಿ.

ನೀರಿನಾಚೆಯ ದಡದಲ್ಲಿರುವ ಮೆಸ್ತ್ರೆಯಲ್ಲಿ ರೂಮು ಅಗ್ಗ, ರೈಲಿನಲ್ಲಿ ಹತ್ತು-ಹನ್ನೆರಡು ನಿಮಿಷದ ದಾರಿ ಅಷ್ಟೆ. ಆದರೂ ಬೇಡ. ಮಧ್ಯಾಹ್ನದ ವಿಶ್ರಾಂತಿಗೆಂದು ಅಷ್ಟು ದೂರ ಯಾರೂ ವಾಪಸ್ ಹೋಗುವುದಿಲ್ಲ, ಬಿಸಿಲಲ್ಲೇ ಅಲೆಯುತ್ತೀರಿ. ವೆನಿಸ್‌ಗೆ ಅಲ್ಲಿನವರ ಹೆಸರು ವೆನೆಜಿಯಾ; ಟಿಕೆಟ್ ತೆಗೆಯುವಾಗ ಊರೊಳಗಿನ ನಿಲ್ದಾಣ 'ವೆನೆಜಿಯಾ ಸಾಂತಾ ಲೂಚಿಯಾ' ಎಂದಿದೆಯೇ ನೋಡು. 'ವೆನೆಜಿಯಾ ಮೆಸ್ತ್ರೆ' ಎಂಬ ಬೋರ್ಡು ಕಂಡು, ಊರು ಬಂತೆಂದು ಒಂದು ನಿಲ್ದಾಣ ಮೊದಲೇ ಇಳಿದುಬಿಡುವವರುಂಟು.

ರೂಮು ಹಿಡಿಯುವಾಗ ವಿಳಾಸ ನೋಡಿ ಏನೂ ಗೊತ್ತಾಗದು. ಊರಿನಲ್ಲಿ ಆರು ಭಾಗ, ಪ್ರತಿ ಭಾಗಕ್ಕೂ ಸಾವಿರಾರು ಮನೆ ನಂಬರು. 'ಕಾಸ್ತೆಲ್ಲೋ' ಎಂದು ಬರೆದು ಒಂದು ನಂಬರು ಕೊಟ್ಟರೆ ಯಾವ ಬೀದಿಯೆಂದು ತಿಳಿಯುವುದಿಲ್ಲ. ಮನೆಯವರನ್ನು ಮೂರೇ ಪ್ರಶ್ನೆ ಕೇಳು: ಹತ್ತಿರದ ದೋಣಿ ನಿಲ್ದಾಣ ಯಾವುದು, ಅಲ್ಲಿಂದ ಬಾಗಿಲಿಗೆ ಎಷ್ಟು ಸೇತುವೆ, ಲಿಫ್ಟ್ ಇದೆಯೇ. ಊರಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆ, ಬಹುತೇಕ ಎಲ್ಲದಕ್ಕೂ ಮೆಟ್ಟಿಲು. ಮಂಡಿನೋವಿರುವ ಅಕ್ಕನಿಗೆ, ಚಕ್ರದ ಸೂಟ್‌ಕೇಸ್ ಎತ್ತುವ ನಿನಗೆ, ಇಬ್ಬರಿಗೂ ಸೊನ್ನೆ ಸೇತುವೆಯ ಮನೆಯೇ ಸರಿ. ಕಾ ದೋರೋ, ಸಾನ್ ತೊಮಾ ನಿಲ್ದಾಣಗಳ ಆಸುಪಾಸು ಹುಡುಕು.

ಅಲ್ಲಿ ಬಸ್ಸೆಂದರೆ ವಪೊರೆತ್ತೊ ಎಂಬ ದೋಣಿ. 75 ನಿಮಿಷದ ಒಂದು ಟಿಕೆಟ್‌ಗೇ 9.50 ಯೂರೋ, 48 ಗಂಟೆಯ ಪಾಸಿಗೆ 35, ಪಾಸೇ ಲಾಭ. ಹತ್ತುವ ಮೊದಲು ಅದನ್ನು ನಿಲ್ದಾಣದ ಕಂಬದ ಯಂತ್ರಕ್ಕೆ ತೋರಿಸಬೇಕು, ಪಾಸು ಕೈಯಲ್ಲಿದ್ದರೂ ಇದನ್ನು ಮರೆತರೆ ದಂಡ. ಊರ ನಡುವಿನ ಮಹಾಕಾಲುವೆಯ (ಗ್ರ್ಯಾಂಡ್ ಕೆನಾಲ್) ಉದ್ದಕ್ಕೂ ಎಲ್ಲ ಕಡೆ ನಿಂತು ಹೋಗುವುದು 1ನೇ ನಂಬರು. ರೈಲುನಿಲ್ದಾಣದಿಂದ ಊರಿನ ಮುಖ್ಯ ಚೌಕವಿರುವ ಸಾನ್ ಮಾರ್ಕೊಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಬೇಗ ಹತ್ತಿದರೆ ಕೂರಲು ಜಾಗ ಸಿಗುತ್ತದೆ, ಅರಮನೆಗಳೆಲ್ಲ ಅಲ್ಲಿಂದಲೇ ಕಾಣುತ್ತವೆ. ಗೊಂಡೋಲಾಕ್ಕೆ ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ಮೇಲೆ 110. ಅದು ಇಡೀ ದೋಣಿಯ ದರ, ತಲೆಗಿಷ್ಟು ಎಂದಲ್ಲ. ಅಂಬಿಗನ ಹತ್ತಿರ ನಿಮಿಷವನ್ನೂ ಮೊದಲೇ ಮಾತಾಡು. ಆ ದುಡ್ಡು ನನಗೇನೋ ಜಾಸ್ತಿಯೆನಿಸುತ್ತದೆ, ಅಕ್ಕ ಆಸೆಪಟ್ಟರೆ ಮಾತ್ರ ಇಲ್ಲವೆನ್ನಬೇಡ.

ಆ ಚೌಕದ ದೊಡ್ಡ ಚರ್ಚು, ಸಾನ್ ಮಾರ್ಕೊ ಬಸಿಲಿಕಾಕ್ಕೆ ಆನ್‌ಲೈನ್ ಟಿಕೆಟ್ ಮಾಡಿಸು. ಹೆಗಲು, ಮಂಡಿ ಮುಚ್ಚಿರಬೇಕು, ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಮಾತ್ರ ಪ್ರವೇಶ. ಮೇಲಿನ ಉಪ್ಪರಿಗೆಯ ನಾಲ್ಕು ಕಂಚಿನ ಕುದುರೆ ನಕಲು; ಅಸಲಿ ಒಳಗಿವೆ, 1204ರಲ್ಲಿ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಲೂಟಿಯಾದಾಗ ತಂದವು. ಹೊರಗಿನ ಗಂಟೆಗೋಪುರ ಹಳೆಯದರಂತೆ ಕಾಣುತ್ತದೆ, ಆದರೆ ಅದು 1902ರಲ್ಲಿ ಕುಸಿದು 1912ರಲ್ಲಿ ಮತ್ತೆ ಎದ್ದದ್ದು. ಲಿಫ್ಟ್ ಇರುವುದರಿಂದ ಭಾವನವರೂ ಹತ್ತಬಹುದು. ಚೌಕದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದರೆ, ಪಾರಿವಾಳಕ್ಕೆ ಕಾಳು ಹಾಕಿದರೆ ದಂಡ ಬೀಳುತ್ತದೆ.

ಊಟದಲ್ಲಿ ಸಸ್ಯಾಹಾರಿಯಾದ ಭಾವನವರಿಗೆ ಮೋಸವಾಗುವುದು ಎರಡು ಕಡೆ. ತರಕಾರಿಯ ರಿಸೊತ್ತೊ ಎಂಬ ಅನ್ನದ ಅಡಿಗೆಯನ್ನು ಮಾಂಸದ ಸಾರಿನಲ್ಲಿ ಬೇಯಿಸಿರುತ್ತಾರೆ. 'ಬಿಗೊಲಿ ಇನ್ ಸಾಲ್ಸಾ' ಬರೀ ಈರುಳ್ಳಿ ಶಾವಿಗೆಯಂತೆ ಕಂಡರೂ ಒಳಗೆ ಮೀನು ಕರಗಿರುತ್ತದೆ. 'ಸೆನ್ಜಾ ಕಾರ್ನೆ, ಸೆನ್ಜಾ ಪೆಶೆ' (ಮಾಂಸ ಬೇಡ, ಮೀನು ಬೇಡ) ಎಂದಷ್ಟೇ ಹೇಳಿದರೆ ಸಾರಿನ ವಿಷಯ ಬಾಣಸಿಗನ ತಲೆಗೆ ಹೋಗದೇ ಇರಬಹುದು, ಅದನ್ನು ಬೇರೆಯಾಗಿ ಕೇಳು. ಬಿಲ್ಲಿನ 'ಕೊಪೆರ್ತೊ' ಎಂಬುದು ಕೂತ ಬಾಬ್ತು, ಜಗಳ ಬೇಡ. ಕಾಫಿ ನಿಂತು ಕುಡಿದರೆ ಅಗ್ಗ. ನೀರು ಕೊಳ್ಳಬೇಡ; ಬೀದಿಯ ನಲ್ಲಿಗಳಲ್ಲಿ ಬರುವುದು ಕುಡಿಯುವ ನೀರೇ, ಖಾಲಿ ಬಾಟಲಿ ಇಟ್ಟುಕೊಂಡಿರು.

ಇನ್ನೆರಡು ವಿಷಯ. ಏಪ್ರಿಲ್‌ನಿಂದ ಜುಲೈವರೆಗೆ ಕೆಲವು ದಿನ ಹಗಲು ಬಂದುಹೋಗುವವರಿಗೆ ಪ್ರವೇಶಶುಲ್ಕವಿದೆ. ಉಳಿಯುವವರಿಗೆ ವಿನಾಯಿತಿ, ಆದರೆ ಅದಕ್ಕೂ ನಗರಪಾಲಿಕೆಯ ವೆಬ್‌ಸೈಟಿನಲ್ಲಿ ಹೆಸರು ನಮೂದಿಸಿ ಕ್ಯೂಆರ್ ಕೋಡ್ ಪಡೆಯಬೇಕು. ಜುಲೈ ಮೂರನೇ ಭಾನುವಾರ ರೆದೆಂತೋರೆ ಹಬ್ಬ, ಹಿಂದಿನ ರಾತ್ರಿ ಬಾಣಬಿರುಸು. ನೋಡಲು ಚೆಂದ, ಆದರೆ ಆ ವಾರಾಂತ್ಯ ಅಕ್ಕ, ಭಾವ ಜೊತೆಗಿದ್ದರೆ ಬೇಡವೇ ಬೇಡ. ಕಾಲಿಡಲು ಜಾಗವಿರುವುದಿಲ್ಲ, ರೂಮಿನ ಬಾಡಿಗೆಯೂ ಏರಿರುತ್ತದೆ. ತಾರೀಖು ಗೊತ್ತುಮಾಡುವ ಮುಂಚೆ ಕ್ಯಾಲೆಂಡರ್ ನೋಡು. ಸೊಳ್ಳೆಗೆ ಹಚ್ಚುವ ಮುಲಾಮನ್ನು ಅಕ್ಕನಿಗೆ ಊರಿನಿಂದಲೇ ತರಲು ಹೇಳುತ್ತೇನೆ.

ಇಂತಿ,
ನಿನ್ನ ಮಾವ