ನೀರಷ್ಟೇ ಅಲ್ಲ, ಕೆಸರನ್ನೂ ಪರೀಕ್ಷಿಸಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಸವಿನಯ ವಂದನೆಗಳು. ಕಾಳಿಯಿಂದ ಶರಾವತಿಯವರೆಗಿನ ನಮ್ಮ ನದಿಗಳು ಕಡಲು ಸೇರುವ ಅಳಿವೆಗಳಲ್ಲಿ, ಅವುಗಳನ್ನು ಸೇರುವ ಉಪ್ಪುನೀರಿನ ಹಳ್ಳಗಳಲ್ಲಿ ಹೂಳೆತ್ತಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ದೋಣಿ ಒಳಬರಲು ಆಳ ಬೇಕು. ಆದರೆ ಆ ಹೂಳಿನಲ್ಲಿ ಏನಿದೆಯೆಂದು ತಿಳಿಯುವ ಮೊದಲು ಯಂತ್ರ ಇಳಿಸಬಾರದು ಎಂಬುದು ನನ್ನ ವಿನಂತಿ.

ಸೀಸ, ಪಾದರಸದಂಥ ವಿಷಕಾರಿ ಲೋಹಗಳು ನೀರಿನಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ. ಸಿಹಿನೀರು ಉಪ್ಪುನೀರನ್ನು ಕೂಡುವಲ್ಲಿ ಜೇಡಿಯ ಸೂಕ್ಷ್ಮ ಕಣಗಳು ಒಂದಕ್ಕೊಂದು ಅಂಟಿಕೊಂಡು, ತಮಗೆ ಹತ್ತಿದ ಲೋಹವನ್ನೂ ಹೊತ್ತು ತಳಕ್ಕಿಳಿಯುತ್ತವೆ. ಹೀಗಾಗಿ ಬಾಟಲಿಯಲ್ಲಿ ಒಯ್ದ ನೀರು ಶುದ್ಧವೆಂದು ವರದಿ ಬಂದರೂ ಅಡಿಯ ಕೆಸರಿನ ಸ್ಥಿತಿ ಗೊತ್ತಾಗುವುದಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವಿನ, ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ರಾಡಿಯಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಹಲವು ಲೋಹಗಳು ಗಂಧಕದೊಡನೆ ಸೇರಿ ಕರಗದೆ ಉಳಿಯುತ್ತವೆ. ಅದನ್ನು ಕೆದಕಿ ದಡಕ್ಕೆ ಸುರಿದರೆ, ಗಾಳಿ ತಗುಲಿ ಆ ಬಂಧ ಸಡಿಲವಾಗಿ, ಲೋಹ ಮತ್ತೆ ಹಳ್ಳಕ್ಕೋ, ಅಳಿವೆಯಂಚಿನ ಉಪ್ಪುನೀರಿನ ಗಜನಿ ಗದ್ದೆಗೋ ಇಳಿಯಬಲ್ಲದು.

ಯಾರ ಮೇಲೂ ಆರೋಪ ಹೊರಿಸುವುದು ನನ್ನ ಉದ್ದೇಶವಲ್ಲ. ನಮ್ಮದು ಚೀರೆಕಲ್ಲಿನ (ಲ್ಯಾಟರೈಟ್) ನೆಲ. ಕಬ್ಬಿಣವಂತಿರಲಿ, ಕ್ರೋಮಿಯಂ ಕೂಡ ಇಲ್ಲಿನ ಮಣ್ಣಿನಲ್ಲಿ ಸಹಜವಾಗಿಯೇ ಇರಬಹುದು. ಅಂಕಿ ದೊಡ್ಡದೆಂಬ ಕಾರಣಕ್ಕೆ ಮಾಲಿನ್ಯವೆಂದು ತೀರ್ಮಾನಿಸುವ ವರದಿಯೂ, ಎಲ್ಲವೂ ಪ್ರಕೃತಿಯದೇ ಎಂದು ಕೈತೊಳೆದುಕೊಳ್ಳುವ ವರದಿಯೂ ನನ್ನ ಮಟ್ಟಿಗೆ ಸಮಾನವಾಗಿ ನಿರುಪಯುಕ್ತ. ಕಣಗಳ ಗಾತ್ರವನ್ನೂ, ಜೇಡಿಯಲ್ಲಿ ಸಹಜವಾಗಿರುವ ಅಲ್ಯೂಮಿನಿಯಂ ಪ್ರಮಾಣವನ್ನೂ ಜೊತೆಗೇ ಅಳೆದು, ಕೊಳವೆ ಇಳಿಸಿ ತೆಗೆದ ಕೆಸರಿನ ಮೇಲಿನ ಪದರವನ್ನು ಆಳದ ಹಳೆಯ ಪದರಗಳೊಡನೆ ಹೋಲಿಸಿದರೆ ಮಾತ್ರ ನೆಲದ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂಬುದು ತಿಳಿಯುತ್ತದೆ.

ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಆಯ್ದು ಸಂಸಾರ ನಡೆಸುವವರು ಅನೇಕರಿದ್ದಾರೆ. ಬಳಚು ನೀರನ್ನು ಸೋಸಿ ತಿನ್ನುವ ಜೀವಿಯಾದ್ದರಿಂದ ಲೋಹವನ್ನು ತನ್ನ ಮಾಂಸದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಇಂಥ ಕಡಲ ಚಿಪ್ಪುಜೀವಿಗಳಲ್ಲಿ ವಿಷಕಾರಿ ಲೋಹವಾದ ಕ್ಯಾಡ್ಮಿಯಂಗೆ ಕಿಲೋಗೆ 2 ಮಿಲಿಗ್ರಾಂ ಎಂಬ ಅಂತರರಾಷ್ಟ್ರೀಯ ಆಹಾರ ಮಿತಿಯಿದೆ. ಆದ್ದರಿಂದ ಕೆಸರು ತೆಗೆದ ಜಾಗದಲ್ಲೇ ಬಳಚನ್ನೂ ತೆಗೆದು ಪರೀಕ್ಷಿಸಬೇಕು.

ಕರಾವಳಿ ನಿಯಂತ್ರಣ ವಲಯದ ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಕಡಲ ಜೀವಶಾಸ್ತ್ರದ ವಿಶ್ವವಿದ್ಯಾಲಯ ವಿಭಾಗವೊಂದು ಕಾರವಾರದ ಕೋಡಿಬಾಗದಲ್ಲೇ ಇದೆ. ಮಳೆಗಾಲದ ಪ್ರವಾಹ ಮೇಲಿನ ಹೂಳನ್ನು ಕೊಚ್ಚಿಕೊಂಡು ಹೋಗುವುದರಿಂದ ಮಳೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಮಾದರಿ ತೆಗೆಸಿ. ದೋಣಿಗಳ ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರವಿರುವುದರಿಂದ ದೋಣಿ ದುರಸ್ತಿಯ ದಡಗಳನ್ನೂ, ಪಟ್ಟಣದ ಚರಂಡಿ ಸೇರುವ ಬಾಯಿಗಳನ್ನೂ ಬಿಡಬೇಡಿ. ಫಲಿತಾಂಶವನ್ನು ಕನ್ನಡದಲ್ಲಿ, ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಿ. ಅಲ್ಲಿಯವರೆಗೆ ಎತ್ತಿದ ಹೂಳನ್ನು ಗಜನಿಗಳಿಗೂ ಕಾಂಡ್ಲಾ ಬುಡಕ್ಕೂ ಸುರಿಯದಂತೆ ಆದೇಶ ಹೊರಡಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾರವಾರದ ಒಬ್ಬ ನಾಗರಿಕ