ಲೈಬ್ರರಿಗೂ ಒಂದು ಪರೀಕ್ಷೆ ಇರಲಿ

ಮಾನ್ಯರೇ,

ಪುಣೆಯ ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ, ಎಂಜಿನಿಯರಿಂಗ್ ಓದುವ ಕನ್ನಡದ ಮಕ್ಕಳು ಪ್ರಾಜೆಕ್ಟಿಗೆ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಸಂಗ್ರಹ) ಹುಡುಕುವಾಗ ನೋಡುವುದು ಅದಕ್ಕೆ ಬಳಕೆದಾರರ ಮೆಚ್ಚುಗೆಯ ನಕ್ಷತ್ರ ಎಷ್ಟು ಬಿದ್ದಿವೆ ಎಂಬುದನ್ನು. ನೋಡಬೇಕಾದ್ದು ಅದು ಕೊಡುವ ಉತ್ತರವನ್ನು.

ಸ್ವಾರಗೇಟ್‌ಗೆ ಮೂರು ಬಸ್ ಬಂದ ಸಮಯವನ್ನು 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆದಿದ್ದೀರಿ ಎನ್ನಿ: 1700000001, 1700000002, 1700000003. (ಒಂದರ ಬೆನ್ನಿಗೊಂದು ಬರುವುದು ಇಲ್ಲಿ ಹೊಸದಲ್ಲ.) ವೇರಿಯನ್ಸ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 1 ಎಂದು ಬಾಯಿಲೆಕ್ಕದಲ್ಲೇ ಹೇಳಬಹುದು. ಆದರೆ ವರ್ಗಗಳ ಮೊತ್ತದಿಂದ ಮೊತ್ತದ ವರ್ಗದ ಮೂರನೇ ಒಂದು ಪಾಲನ್ನು ಕಳೆದು ಎರಡರಿಂದ ಭಾಗಿಸುವ ಪಠ್ಯಪುಸ್ತಕದ ಸೂತ್ರವನ್ನು ಹಾಗೇ ಕೋಡ್ ಮಾಡಿದರೆ 1 ಬರುವುದು ಸಾಧ್ಯವೇ ಇಲ್ಲ. ಕಂಪ್ಯೂಟರ್ ದಶಮಾಂಶ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವ ‘ಡಬಲ್’ ಸಂಖ್ಯೆಯಲ್ಲಿ ಉಳಿಯುವುದು 53 ಬಿಟ್, ಅಂದರೆ 15-16 ಅಂಕಿ. ಇಲ್ಲಿ ವರ್ಗಗಳ ಮೊತ್ತಕ್ಕೆ 19 ಅಂಕಿ ಬೇಕು. ಉತ್ತರ ಸೊನ್ನೆ, ಇಲ್ಲವೇ 512ರ ಗುಣಕ, ಕೆಲವೊಮ್ಮೆ ಋಣಸಂಖ್ಯೆ. ಮೊದಲು ಸರಾಸರಿ ಕಳೆದು ಆಮೇಲೆ ವರ್ಗ ಮಾಡಬೇಕು; ದತ್ತಾಂಶವನ್ನು ಒಂದು ಸಲ ಮಾತ್ರ ಓದಲು ಸಾಧ್ಯವಿದ್ದರೆ 1962ರ ವೆಲ್‌ಫರ್ಡ್ ವಿಧಾನವಿದೆ.

ರಿಗ್ರೆಶನ್ನಿನದೂ (ದತ್ತಾಂಶಕ್ಕೆ ಹೊಂದುವ ಸಮೀಕರಣ ಹುಡುಕುವ ಲೆಕ್ಕ) ಇದೇ ಕಥೆ. ದತ್ತಾಂಶದ ಮ್ಯಾಟ್ರಿಕ್ಸನ್ನು ಅದರ ಟ್ರಾನ್ಸ್‌ಪೋಸ್‌ನಿಂದ (ಸಾಲು-ಕಂಬ ಅದಲುಬದಲಾದ ರೂಪ) ಗುಣಿಸಿ ಇನ್‌ವರ್ಸ್ ತೆಗೆಯುವ ಕೋಡ್ ಕಂಡರೆ ದೂರವಿರಿ: ಸಣ್ಣ ದೋಷ ಎಷ್ಟು ಹಿಗ್ಗಬಹುದೆಂದು ಹೇಳುವ ಕಂಡೀಶನ್ ನಂಬರ್ ವರ್ಗವಾಗಿ ಅರ್ಧದಷ್ಟು ಅಂಕಿಗಳು ಮಣ್ಣುಪಾಲಾಗಬಹುದು. ಮ್ಯಾಟ್ರಿಕ್ಸನ್ನು ಎರಡು ಸರಳ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುವ ಕ್ಯೂಆರ್ ವಿಧಾನ ಬಳಸುವುದನ್ನೇ ಆರಿಸಿ. ಮ್ಯಾಟ್ರಿಕ್ಸ್ ಲೆಕ್ಕಗಳ ಲೈಬ್ರರಿ ಲ್ಯಾಪ್ಯಾಕ್‌ನಲ್ಲಿ ಅದು ಸಿದ್ಧವಿದೆ. ಸಂಖ್ಯಾಶಾಸ್ತ್ರದ ಭಾಷೆ ಆರ್, ಪೈಥಾನ್‌ನ ಲೈಬ್ರರಿ ಸೈಪೈ ಎರಡೂ ಹಲವು ಲೆಕ್ಕಗಳಿಗೆ ಲ್ಯಾಪ್ಯಾಕನ್ನು ಬಳಸುತ್ತವೆ.

ಪರೀಕ್ಷೆಗೆ ಅಮೆರಿಕದ ಅಳತೆ-ಮಾನದಂಡಗಳ ಸಂಸ್ಥೆ ನಿಸ್ಟ್ ಪ್ರಮಾಣಿತ ಉತ್ತರ ಸಹಿತ ದತ್ತಾಂಶಗಳನ್ನು ಉಚಿತವಾಗಿ ಕೊಡುತ್ತದೆ. ಅವುಗಳಲ್ಲಿ ನಮ್‌ಆಕ್4 ಎಂಬುದರಲ್ಲಿ 1001 ಸಂಖ್ಯೆಗಳಿವೆ, ಸರಾಸರಿ 10000000.2, ಮಾನಕ ವಿಚಲನೆ (ವೇರಿಯನ್ಸ್‌ನ ವರ್ಗಮೂಲ) ಸರಿಯಾಗಿ 0.1. ರಿಗ್ರೆಶನ್ನಿಗಿರುವ ಲಾಂಗ್ಲಿಯಲ್ಲಿ ಬರೀ 16 ಸಾಲು. ಇನ್ನೊಂದು ರಿಗ್ರೆಶನ್ ದತ್ತಾಂಶ ಫಿಲಿಪ್‌ಗೆ ಮಾತ್ರ ಹೊಂದಿಸಬೇಕಾದ್ದು ಹತ್ತನೇ ಘಾತದ ಬಹುಪದಿ. ಒಳ್ಳೊಳ್ಳೆಯ ಪ್ಯಾಕೇಜುಗಳೂ ಅಲ್ಲಿ ಮುಗ್ಗರಿಸುತ್ತವೆ, ಅದರಲ್ಲಿ ಸೋತಿತೆಂದು ತಕ್ಷಣ ಕೈಬಿಡಬೇಕಿಲ್ಲ. ‘ಲೆಕ್ಕ ಹಾಕಲಾಗದು’ ಎಂದು ಎಚ್ಚರಿಸಿದರೆ ಅದು ಪ್ರಾಮಾಣಿಕ. ಸದ್ದಿಲ್ಲದೆ ತಪ್ಪು ಸಂಖ್ಯೆ ಕೊಟ್ಟರೆ ಅಪಾಯ.

ಇನ್ನೊಂದು, ಪೈಥಾನ್‌ನ ಲೈಬ್ರರಿ ನಮ್‌ಪೈ ಮಾನಕ ವಿಚಲನೆಗೆ ತಾನಾಗಿ ಎನ್‌ನಿಂದ (ಸಂಖ್ಯೆಗಳು ಎಷ್ಟಿವೆಯೋ ಅದರಿಂದ) ಭಾಗಿಸುತ್ತದೆ, ಆರ್ ಮತ್ತು ಪೈಥಾನ್‌ನದೇ ಪಾಂಡಾಸ್ ಎನ್‌ಗಿಂತ ಒಂದು ಕಡಿಮೆಯಿಂದ. ಐದೇ ಮಾದರಿಗಳಿದ್ದರೆ ಉತ್ತರಗಳ ನಡುವೆ ಸುಮಾರು ಶೇ 12ರ ಅಂತರ. ಯಾವುದೂ ದೋಷವಲ್ಲ, ಆದರೆ ವರದಿಯಲ್ಲಿ ಯಾವುದೆಂದು ಬರೆಯಿರಿ, ಲೈಬ್ರರಿಯ ಆವೃತ್ತಿ ಸಂಖ್ಯೆಯ ಜೊತೆಗೆ.

— ಸಂಖ್ಯಾಶಾಸ್ತ್ರ ಬೋಧಕರು, ಕೋಥ್ರೂಡ್, ಪುಣೆ