ಕೆಂಚನಿಗೆ 14 ತುಂಬಿತು, ನಿಮಗೆಲ್ಲ ಹೇಳಬೇಕಿತ್ತು

ಕಳೆದ ವಾರ ನಮ್ಮ ನಾಯಿ ಕೆಂಚನ ರಕ್ತದ ರಿಪೋರ್ಟ್ ಬಂತು. ಮೂತ್ರಪಿಂಡ ಎಷ್ಟು ಸೋತಿದೆ ಅಂತ ತೋರಿಸುವ ಕ್ರಿಯಾಟಿನಿನ್ 2.0. ಎರಡು ವರ್ಷದ ಹಿಂದೆ 1.9 ಇತ್ತು. "ಹೆಚ್ಚುಕಮ್ಮಿ ಅಲ್ಲೇ ನಿಂತಿದೆ ಕಣಮ್ಮ, ಹೀಗೇ ನೋಡ್ಕೊಳ್ಳಿ" ಅಂದರು ಡಾಕ್ಟರ್ ಮೇಡಂ ಫೋನಿನಲ್ಲಿ. ಸೊಪ್ಪು ಕೊಯ್ಯುತ್ತಿದ್ದವಳು ಹಾಗೇ ಸಾಲಿನ ಮಧ್ಯೆ ಕೂತುಬಿಟ್ಟೆ. ಈ ಕಾರ್ತಿಕಕ್ಕೆ ಕೆಂಚನಿಗೆ 14 ವರ್ಷ. ಮೂತ್ರಪಿಂಡದ ಕಾಯಿಲೆ ಇದೆ ಅಂತ ಗೊತ್ತಾದ ಮೇಲೂ ಎರಡೂವರೆ ವರ್ಷ ನಮ್ಮ ಜೊತೆ ಇದ್ದಾನೆ. ಅದು ನಮ್ಮ ಮನೆಯವರಿಂದ ಮಾತ್ರ ಆದದ್ದಲ್ಲ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿದ್ದೇನೆ. ಆದರೂ ಎಲ್ಲರ ಎದುರು ಒಂದು ಸಲ ಬರೆದು ಹೇಳಬೇಕು ಅನ್ನಿಸಿತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಸಣ್ಣ ಹಳ್ಳಿ. ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡೇ ರೇಷ್ಮೆ ಹುಳು ಸಾಕುವ ಹುಳು ಮನೆ. 2011ರ ಕಾರ್ತಿಕದಲ್ಲಿ ಗೂಡು ಬಿಡಿಸಿ ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳ (ಹುಳು ಗೂಡು ಕಟ್ಟುವ ತಟ್ಟೆಗಳ) ಹಿಂದೆ ಒಂದು ಮರಿ ಚಳಿಗೆ ಮುದುರಿಕೊಂಡಿತ್ತು. ಬಣ್ಣ ನೋಡಿ ನಮ್ಮತ್ತೆ ಕೆಂಚ ಅಂತ ಕರೆದರು. ಅತ್ತೆಗೆ ತೆಲುಗೇ ಜಾಸ್ತಿ. ಅವರು "ರಾರಾ" ಅಂದರೂ ಬರುತ್ತಿದ್ದ, ನಾನು "ಬಾರೋ" ಅಂದರೂ ಬರುತ್ತಿದ್ದ. ಹುಳು ಮನೆ ಬಾಗಿಲಲ್ಲಿ ಅಡ್ಡ ಮಲಗಿದರೆ ಒಂದು ಇಲಿಯನ್ನೂ ಒಳಗೆ ಬಿಡುತ್ತಿರಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದಾಗ ನಾವು ರಾತ್ರಿಯಿಡೀ ಎದ್ದಿರುತ್ತೇವಲ್ಲ, ಅವನೂ ನಮ್ಮ ಜೊತೆ ಎದ್ದೇ ಇರುತ್ತಿದ್ದ.

2023ರ ಬೇಸಿಗೆಯಲ್ಲಿ ಅವನು ಊಟ ಬಿಟ್ಟ. ಒಂದು ಕಡೆ ತೋರಿಸಿದೆವು. ಬಿಸಿಲಿಗೆ ಹೀಗಾಗಿದೆ ಅಂತ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮೂರನೇ ದಿನ ರಾತ್ರಿ ಮೂಗಿನಿಂದ ರಕ್ತ ಶುರುವಾಯಿತು. ಒರೆಸಿದಷ್ಟೂ ಬರುತ್ತಿತ್ತು. ನಮ್ಮ ಬೀದಿಯ ಟಾಟಾ ಏಸ್ ತಮ್ಮ ಆ ಹೊತ್ತಿಗೆ ಟೊಮೆಟೊ ಬಾಕ್ಸ್ ತುಂಬಿಕೊಂಡು ಬೆಂಗಳೂರಿಗೆ ಹೊರಡುತ್ತಿದ್ದ. ಕೇಳುವ ಮುಂಚೆಯೇ ಮುಂದಿನ ಸೀಟು ಖಾಲಿ ಮಾಡಿದ. ಕೆಂಚನನ್ನು ತೊಡೆ ಮೇಲೆ ಹಾಕಿಕೊಂಡು ನಾನು, ಹಿಂದೆ ಬಾಕ್ಸ್‌ಗಳ ಮಧ್ಯೆ ನಮ್ಮ ಯಜಮಾನರು. ದೇವನಹಳ್ಳಿ, ಯಲಹಂಕ ದಾಟಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಹತ್ತಿರ ನಮ್ಮನ್ನು ಇಳಿಸಿದ. ಲೋಡು ಇಳಿಸಿ ವಾಪಸ್ ಬಂದು, ಮಧ್ಯಾಹ್ನದವರೆಗೂ ಗೇಟಿನ ಹತ್ತಿರ ಕಾದ. ಬಾಡಿಗೆ ಎಷ್ಟು ಅಂತ ಕೇಳಿದರೆ, "ರಾತ್ರಿ ಹೊತ್ತು ಕೆಂಚ ನನ್ ಗಾಡಿ ಕಾಯ್ತಾನಲ್ಲ, ಅವನು ಬಾಡಿಗೆ ಕೇಳಿದ್ನಾ ಅಕ್ಕ?" ಅಂದ. ತಮ್ಮಾ, ನೀನು ಅವತ್ತು ಒಂದು ಗಂಟೆ ತಡ ಮಾಡಿದ್ದರೂ ಏನಾಗುತ್ತಿತ್ತೋ. ನಿನ್ನ ಋಣ ನನ್ನ ಮೇಲೆ ಇದೆ.

ಆ ದಿನ ನಮ್ಮ ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಮೂರು ದಿನವಾಗಿತ್ತು. ರೇಷ್ಮೆ ಮಾಡುವವರಿಗೆ ಹೇಳುವುದೇ ಬೇಡ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಈ ಏಳೆಂಟು ದಿನದಲ್ಲೇ ತಿನ್ನುತ್ತದೆ. ಒಂದು ಹೊತ್ತು ತಪ್ಪಿದರೂ ಗೂಡಿನ ತೂಕದಲ್ಲಿ ಗೊತ್ತಾಗುತ್ತದೆ. ಸಂಜೆ ನಾವು ವಾಪಸ್ ಬಂದಾಗ ಹುಳು ಮನೆಯಲ್ಲಿ ಮಳೆ ಬಿದ್ದ ಹಾಗೆ ಸದ್ದು. ಹುಳುಗಳು ಹಸಿ ಸೊಪ್ಪು ತಿನ್ನುತ್ತಿದ್ದವು. ಪಕ್ಕದ ತೋಟದ ಅಕ್ಕ ಮತ್ತು ಅವರ ಮಗ ತಮ್ಮ ಹುಳುವಿಗೂ ಹಾಕಿ, ನಮ್ಮದಕ್ಕೂ ಹೊತ್ತು ಹೊತ್ತಿಗೆ ಕೊಯ್ದು ಹಾಕಿದ್ದರು. ಬಾಗಿಲಿನ ರಕ್ತದ ಕಲೆಯನ್ನೂ ತೊಳೆದಿದ್ದರು. ಅಕ್ಕ, ಅದನ್ನು ನೋಡಿದ ಮೇಲೇ ನನಗೆ ಅವತ್ತು ಅಳು ಬಂದದ್ದು.

ಹೆಬ್ಬಾಳದಲ್ಲಿ ಗೊತ್ತಾದದ್ದು ನಾಯಿ ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ, ಎರ್ಲಿಕಿಯಾ ಅಂತ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ನಾಯಿಗೆ ಸಾಮಾನ್ಯವಾಗಿ 2 ಲಕ್ಷಕ್ಕಿಂತ ಮೇಲೆ ಇರಬೇಕು. ಕೆಂಚನಿಗೆ 28 ಸಾವಿರಕ್ಕೆ ಇಳಿದಿತ್ತು. ಡಾಕ್ಸಿಸೈಕ್ಲಿನ್ ಮಾತ್ರೆ 28 ದಿನ ಕೊಟ್ಟೆವು. ಒಂದು ಹೊತ್ತೂ ತಪ್ಪಿಸಲಿಲ್ಲ. ಜ್ವರ ಹೋಯಿತು. ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ವಿಷಯವೂ ಹೊರಬಂತು, ಮೂತ್ರಪಿಂಡ ಸೋಲುತ್ತಿದೆ ಅಂತ. ನಾಲ್ಕು ಹಂತಗಳಲ್ಲಿ ಎರಡನೆಯದು. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಮುಕ್ಕಾಲು ಶಕ್ತಿ ಹೋಗಿರುತ್ತದಂತೆ. ಅಲ್ಲಿಯವರೆಗೆ ನಾಯಿ ಓಡಾಡಿಕೊಂಡೇ ಇರುತ್ತದೆ, ಬಾಲ ಅಲ್ಲಾಡಿಸಿಕೊಂಡೇ ಇರುತ್ತದೆ.

ಹಿಂತಿರುಗಿ ಯೋಚಿಸಿದರೆ ಎಲ್ಲಾ ಕಣ್ಣೆದುರಿಗೇ ಇತ್ತು. ಆ ವರ್ಷ ಅವನು ನೀರು ಜಾಸ್ತಿ ಕುಡಿಯುತ್ತಿದ್ದ. ಬೇಸಿಗೆ ಅಲ್ವಾ ಅಂದುಕೊಂಡೆವು. ರಾತ್ರಿ ಎರಡು ಸಲ ಹೊರಗೆ ಹೋಗಬೇಕು ಅಂತ ಎಬ್ಬಿಸುತ್ತಿದ್ದ. ವಯಸ್ಸಾಯಿತು ಅಂದುಕೊಂಡೆವು. ಬೆನ್ನು ಮೂಳೆ ಕೈಗೆ ಸಿಗುತ್ತಿತ್ತು. ದಿನಾ ಜೊತೆಗಿರುವವರಿಗೆ ಇದು ಕಾಣುವುದಿಲ್ಲ. ಒಂದೊಂದೇ ಗ್ರಾಂ ಕರಗಿದರೆ ಯಾರಿಗೆ ತಾನೇ ಕಾಣುತ್ತದೆ?

ಅದಕ್ಕೇ ನಮ್ಮ ಊರಿನ ರಾಗಿ ಮಿಲ್ ಅಣ್ಣನಿಗೆ ಮೊದಲು ಕೈ ಮುಗಿಯಬೇಕು. ತಿಂಗಳಿಗೊಂದು ಸಲ ಮೂಟೆ ತೂಗುವ ಸ್ಕೇಲಿನ ಮೇಲೆ ಕೆಂಚನನ್ನು ನಿಲ್ಲಿಸಿ, ತೂಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟವರು ಅವರು. ಜ್ವರದ ಮುಂಚೆ 19 ಕೆಜಿ ಇದ್ದವನು 16ಕ್ಕೆ ಬಂದಿದ್ದ. ಈಗ 17.5. ಕಳೆದ ವರ್ಷ ಆಷಾಢದಲ್ಲಿ ಒಂದೇ ತಿಂಗಳಲ್ಲಿ 800 ಗ್ರಾಂ ಇಳಿದಾಗ ಮಿಲ್ ಅಣ್ಣನೇ ಮನೆಗೆ ಬಂದು ಹೇಳಿದರು. ಹೋಗಿ ತೋರಿಸಿದರೆ, ಹಿಂದಿನ ದವಡೆಯಲ್ಲಿ ಒಂದು ಹಲ್ಲು ಕೊಳೆತು ಅಗಿಯಲು ಆಗದೆ ಇದ್ದ. ನಾವು ಅವನ ಬಾಯಿ ತೆಗೆಸಿ ನೋಡಿಯೇ ಇರಲಿಲ್ಲ.

ಇನ್ನು ನಮ್ಮ ಪಶು ಆಸ್ಪತ್ರೆಯ ಕಾಂಪೌಂಡರ್ ಅಣ್ಣ. ನಿಮ್ಮ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು.

ರೇಷ್ಮೆ ಮನೆಯ ನಾಯಿಗೆ ಉಣ್ಣೆ ಬಿಡಿಸುವುದು ಎಷ್ಟು ಕಷ್ಟ ಅಂತ ಈ ಕಡೆಯವರಿಗೆ ಗೊತ್ತು. ಉಣ್ಣೆಗೆ ಹೊಡೆಯುವ ಔಷಧಿ ಹುಳುವಿಗೂ ವಿಷ. ಪುಡಿ ಹಾಕುವ ಹಾಗಿಲ್ಲ, ಸ್ಪ್ರೇ ಹೊಡೆಯುವ ಹಾಗಿಲ್ಲ, ಔಷಧಿ ಪಟ್ಟಿ ಕೊರಳಿಗೆ ಕಟ್ಟುವ ಹಾಗಿಲ್ಲ. ನಾಯಿ ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಒಂದು ಬೆಳೆಯೇ ಹೋಗಬಹುದು. ಹಾಗಾಗಿ ಹನ್ನೊಂದು ವರ್ಷ ನಾವು ಕೆಂಚನಿಗೆ ಯಾವ ಔಷಧಿಯನ್ನೂ ಹಾಕಿರಲಿಲ್ಲ. ಭಾನುವಾರ ಕೂತು ಕೈಯಲ್ಲೇ ಹೆಕ್ಕಿ ಸೀಮೆಎಣ್ಣೆಗೆ ಹಾಕುತ್ತಿದ್ದೆವು. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಳಿದವು ಉಳಿಯುತ್ತಿದ್ದವು. ಅವನ ಜ್ವರಕ್ಕೆ ಕಾರಣ ಅದೇ. ನಮ್ಮ ಗೂಡಿಗೆ ರೇಟು ಸಿಗಲಿ ಅಂತ ಅವನು ರಕ್ತ ಕೊಟ್ಟ ಅನ್ನುವುದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಜ್ವರ ಇಳಿದ ಮೇಲೆ ಆಸ್ಪತ್ರೆಗೆ ಹೋದಾಗ ಉಣ್ಣೆಗೆ ಒಂದು ಔಷಧಿ ಬರೆಯುವುದರಲ್ಲಿದ್ದರು. ನೀವು ಪಕ್ಕದಿಂದ ಕೇಳಿದಿರಿ, "ಅಮ್ಮ, ನಿಮ್ದು ಹುಳು ಮನೆ ಅಲ್ವಾ?" ಆ ಒಂದು ಮಾತು. ಮೇಡಂ ತಕ್ಷಣ ಬದಲಾಯಿಸಿ, ಬಾಯಿಗೆ ಕೊಡುವ ಮಾತ್ರೆ ಬರೆದರು. ಮೈ ಮೇಲೆ ಏನೂ ಹಚ್ಚುವುದಿಲ್ಲ. ಉಣ್ಣೆ ಕಚ್ಚಿದಾಗ ರಕ್ತದಲ್ಲಿರುವ ಔಷಧಿಗೆ ಸಾಯುತ್ತದೆ. ಮುಂಚೆ ಫಿಟ್ಸ್ ಬಂದಿತ್ತಾ ಅಂತ ಕೇಳಿ, ಇಲ್ಲ ಅಂದ ಮೇಲೆ ಕೊಟ್ಟರು. ಹೀಗೆ ಬಾಯಿಗೆ ಕೊಡುವ ಮಾತ್ರೆ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಈಗ ನಮ್ಮ ಬೀದಿಯಲ್ಲಿ ಇನ್ನೂ ಮೂರು ಹುಳು ಮನೆಯ ನಾಯಿಗಳಿಗೆ ಡಾಕ್ಟರಿಗೆ ತೋರಿಸಿ ಅದೇ ಥರದ ಮಾತ್ರೆ ಕೊಡಿಸುತ್ತಿದ್ದಾರೆ.

ಅಣ್ಣ, ಕೆಂಚನಿಗೆ ಆಸ್ಪತ್ರೆ ಅಂದರೆ ನಡುಕ. ಹಸುಗಳ ಸಾಲಿನಲ್ಲಿ ನಿಂತರೆ ಇನ್ನೂ ಜಾಸ್ತಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬನ್ನಿ ಅಂತ ಹೇಳಿದವರು ನೀವು. ಅವನನ್ನು ಮೇಜಿನ ಮೇಲೆ ಎತ್ತಿ ಹಾಕದೆ, ನೀವೇ ನೆಲದ ಮೇಲೆ ಕೂತು ಕಾಲು ಸವರುತ್ತಾ ರಕ್ತ ತೆಗೆಯುತ್ತೀರಿ. ನಿಮಗೂ ಮಂಡಿ ನೋವಿದೆ ಅಂತ ನನಗೆ ಗೊತ್ತು.

ಡಾಕ್ಟರ್ ಮೇಡಂ ಕಲಿಸಿದ್ದು ಒಂದು ಅಭ್ಯಾಸ. ಏಳೆಂಟು ವರ್ಷ ದಾಟಿದ ನಾಯಿಯನ್ನು ಚೆನ್ನಾಗಿದ್ದರೂ ಆರು ತಿಂಗಳಿಗೊಮ್ಮೆ ತೋರಿಸಬೇಕು ಅಂದರು. ಕೆಂಚನಿಗೆ ಕಾಯಿಲೆ ಇರುವುದರಿಂದ ಮೂರು ತಿಂಗಳಿಗೊಮ್ಮೆ. ಪ್ರತಿ ಸಲವೂ ಒಸಡಿನ ಬಣ್ಣ ನೋಡುತ್ತಾರೆ, ಎದೆ ಬಡಿತ ಕೇಳುತ್ತಾರೆ, ಮೈಯೆಲ್ಲಾ ಬೆರಳಾಡಿಸಿ ಗಂಟು ಹುಡುಕುತ್ತಾರೆ. ಪಕ್ಕೆಯಲ್ಲಿ ಒಂದು ಗಂಟು ಸಿಕ್ಕಿದಾಗ ನಾವು ಹೆದರಿದ್ದೆವು. ಸೂಜಿಯಿಂದ ತೆಗೆದು ನೋಡಿ, ಬರೀ ಕೊಬ್ಬಿನ ಗಂಟು ಅಂದರು. ಕಣ್ಣು ನೀಲಿ ಮಂಜಾದದ್ದಕ್ಕೂ ಪೊರೆ ಅಂತ ತಿಳಿದಿದ್ದೆವು. ವಯಸ್ಸಿಗೆ ಮಸೂರ ಗಟ್ಟಿಯಾಗಿದೆ ಅಷ್ಟೆ, ಕಾಣುತ್ತದೆ ಅಂತ ಧೈರ್ಯ ಹೇಳಿದರು. ರೇಬೀಸ್ ಲಸಿಕೆಯನ್ನು ಮುದಿ ನಾಯಿ ಅಂತ ಬಿಡಬೇಡಿ ಅಂತಲೂ ಹೇಳಿದರು. ನಾವು ಅದನ್ನು ವಿಶ್ವ ರೇಬೀಸ್ ದಿನ ಸೆಪ್ಟೆಂಬರ್ 28ರ ಸುಮಾರಿಗೆ ಹಾಕಿಸುತ್ತೇವೆ, ನೆನಪಿರುತ್ತದೆ.

ಮೂತ್ರ ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಬೇಕು. ಅದನ್ನು ಹಿಡಿಯುವ ಕೆಲಸ ನಮ್ಮ ಮಗಳದ್ದು. ಉದ್ದ ಹಿಡಿಯ ಹಳೇ ಸೌಟು ಅದಕ್ಕೇ ಅಂತ ಇಟ್ಟಿದ್ದಾಳೆ. ಕತ್ತಲಲ್ಲೇ ಎದ್ದು ಅವನ ಹಿಂದೆ ಹೋಗುತ್ತಾಳೆ. ಅವನು ಗಾಢವಾಗಿ ಮಲಗಿದಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾನೆ ಅಂತ ಎಣಿಸುವವಳೂ ಅವಳೇ. 30 ದಾಟಿದರೆ ಫೋನ್ ಮಾಡಿ ಅಂದಿದ್ದಾರೆ ಮೇಡಂ. ಅವಳ ನೋಟ್‌ಬುಕ್ಕಿನಲ್ಲಿ ಈಗ ಪುಟಗಟ್ಟಲೆ ಇದೆ, 18, 20, 19. ಅವಳಿಗೆ ನಾನು ಹೇಳಿದವಳಲ್ಲ. ಚಿನ್ನೂ, ನೀನಾಗಿಯೇ ಶುರು ಮಾಡಿದೆ.

ನಮ್ಮ ಕೈಯಿಂದ ಒಂದು ತಪ್ಪಾಯಿತು, ಬೇರೆಯವರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ. ಚಳಿಗೆ ಕೆಂಚ ಹಿಂಗಾಲು ಎಳೆಯುತ್ತಿದ್ದುದನ್ನು ನೋಡಲಾರದೆ, ನಮ್ಮ ಯಜಮಾನರು ತಮ್ಮ ಮಂಡಿ ನೋವಿನ ಮಾತ್ರೆಯಲ್ಲಿ ಅರ್ಧ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟದ್ದು. ಮಾರನೇ ದಿನ ವಾಂತಿ, ಕಪ್ಪು ಮಲ. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ಹೊಡೆತ. ಮೂರು ದಿನ ಡ್ರಿಪ್ ಹಾಕಿಸಿ ಉಳಿಸಿಕೊಂಡೆವು. ಅವತ್ತು ಮೇಡಂ ನಮ್ಮನ್ನು ಬೈಯಲಿಲ್ಲ. ಯಜಮಾನರ ಕೈ ನಡುಗುತ್ತಿದ್ದುದನ್ನು ನೋಡಿ, ಮೊದಲು ಅವರಿಗೆ ನೀರು ಕೊಟ್ಟರು.

ಅತ್ತೆಗೆ ಹೇಗೆ ಧನ್ಯವಾದ ಹೇಳುವುದೋ ಗೊತ್ತಿಲ್ಲ, ಅವರು ಇದನ್ನು ಓದುವವರೂ ಅಲ್ಲ. ಹುಟ್ಟಿದಾಗಿನಿಂದ ಮುದ್ದೆ, ಹಾಲು, ಸಾರು ತಿಂದ ನಾಯಿಗೆ ಒಂದೇ ದಿನ ಅದೆಲ್ಲ ಬೇಡ ಅಂದರು ಮೇಡಂ. ಹಾಲು, ರಾಗಿಯಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸಾರಿನ ಈರುಳ್ಳಿ ರಕ್ತ ಕೆಡಿಸುತ್ತದೆ, ಉಪ್ಪೂ ಆಗದು. ಬಿಳಿ ಅನ್ನ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಬೆಂದ ಕುಂಬಳಕಾಯಿ ಅಂತ ಪಟ್ಟಿ ಬಂತು. 76 ವರ್ಷದ ಅತ್ತೆ ಅವನಿಗೆ ಬೇರೆ ಪಾತ್ರೆ ಇಟ್ಟು, ಎರಡು ಹೊತ್ತೂ ಮೆತ್ತಗೆ ಮಾಡಿ ಬಡಿಸುತ್ತಾರೆ. ಮೊದಲ ವಾರ ಕೆಂಚ ತಟ್ಟೆ ಮೂಸಿ ಮುಖ ತಿರುಗಿಸಿದಾಗ, ಪಕ್ಕದಲ್ಲಿ ಕೂತು ಒಂದೊಂದೇ ತುತ್ತು ಬಾಯಿಗೆ ಇಟ್ಟರು. ಜಾರುವ ಟೈಲ್ಸ್ ಮೇಲೆ ಗೋಣಿ ತಾಟು ಹಾಸಿದ್ದೂ ಅವರೇ.

ನಾಯಿಗೆ ಇಷ್ಟೊಂದು ಖರ್ಚಾ ಅಂತ ಕೇಳಿದವರಿದ್ದಾರೆ. ಅವರ ಮೇಲೆ ನನಗೆ ಬೇಸರವಿಲ್ಲ, ಬೋರ್‌ವೆಲ್ ಸಾಲ ಎಲ್ಲರ ತಲೆ ಮೇಲೂ ಇದೆ. ನಾವು ಪ್ರತಿ ಬೆಳೆಯ ಗೂಡು ಮಾರಿದ ದಿನವೇ ಸ್ವಲ್ಪ ದುಡ್ಡು ಕೆಂಚನ ಡಬ್ಬಿಗೆ ಹಾಕುತ್ತೇವೆ. ನಮ್ಮ ಮನೆದೇವರು ಸೀತಿ ಬೆಟ್ಟದ ಭೈರವ. "ಭೈರವ ನಾಯಿ ಬಿಟ್ಟು ಎಲ್ಲಿಗಾದ್ರೂ ಹೋಗ್ತಾನಾ?" ಅಂತ ಅತ್ತೆ ಕೇಳಿದವರಿಗೆ ಹೇಳುತ್ತಾರೆ. ನಾನು ಹೇಳುವುದು ಇನ್ನೂ ಸುಲಭದ್ದು. ಹನ್ನೊಂದು ವರ್ಷ ಹುಳು ಮನೆ ಕಾದವನು ಅವನು.

ಈಗ ಕೆಂಚನಿಗೆ ಕಿವಿ ಕೇಳುವುದು ಕಡಿಮೆ. "ರಾರಾ" ಅಂದರೂ ತಿಳಿಯದು, "ಬಾರೋ" ಅಂದರೂ ತಿಳಿಯದು. ನೆಲವನ್ನು ಎರಡು ಸಲ ತಟ್ಟಿದರೆ ಎದ್ದು ಬರುತ್ತಾನೆ. ಪಕ್ಕದ ತೋಟದ ಅಕ್ಕ ಕೂಡ ಹಾಗೇ ತಟ್ಟಿ ಕರೆಯುವುದನ್ನು ಕಲಿತಿದ್ದಾರೆ, ಟಾಟಾ ಏಸ್ ತಮ್ಮನೂ ಕೂಡ.

ಮುಂದಿನ ರಕ್ತ ಪರೀಕ್ಷೆ ಫೆಬ್ರವರಿಯಲ್ಲಿ. ಹುಳು ಹಣ್ಣಾಗುವ ವಾರ ಬೀಳದ ಹಾಗೆ ನೋಡಿ ಈ ಸಲ ಚಾಕಿ, ಅಂದರೆ ಮರಿ ಹುಳು, ತರುವ ದಿನ ಗೊತ್ತು ಮಾಡಿದ್ದೇವೆ. ಕಾಂಪೌಂಡರ್ ಅಣ್ಣ, ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತೇವೆ. ಈ ಸಲ ನೀವು ಕೂರುವುದಕ್ಕೆ ಒಂದು ಗೋಣಿ ತಾಟು ನಾವೇ ತರುತ್ತೇವೆ.